ಪೊರೆ ಬಿಟ್ಟಾಗಲೆಲ್ಲ ಮರೆಯುವ ನಾಯಕ

ಮೊಬೈಲ್ ಬಂದ ಮೇಲೆ ಪ್ರೇಮಕಥೆ ಬರೆಯುವವರ ಹೊಟ್ಟೆಯ ಮೇಲೆ ಕಲ್ಲು ಬಿದ್ದಿದೆ. ಮೊದಲೆಲ್ಲ ಒಂದು ಕಾಗದ ಅತ್ತಿಗೆಯ ಕೈಗೆ ಸಿಕ್ಕಿದರೆ ಸಾಕಿತ್ತು, ಧಾರಾವಾಹಿಯ ನಾಲ್ಕಾರು ಕಂತು ಆರಾಮಾಗಿ ಓಡುತ್ತಿತ್ತು. ಈಗ ನಾಯಕಿ ಒಂದು ಕಾಲ್ ಮಾಡಿದರೆ ಅಪಾರ್ಥ ಅಲ್ಲಿಗೇ ಮುಗಿಯಿತು. ಫೋನ್ ಸ್ವಿಚ್ ಆಫ್ ಆಗಿತ್ತು ಅಂತ ಎಷ್ಟು ಸಲ ಬರೆಯೋದು?

ನಾನು ಶಿರಸಿ ಕಡೆಯವಳು. ಬಹಳ ವರ್ಷ ಸಾಂಸಾರಿಕ ಪ್ರೇಮಕಾದಂಬರಿಗಳನ್ನೇ ಬರೆದೆ. ವಾರಪತ್ರಿಕೆಯಲ್ಲಿ ಬಂದು, ಆಮೇಲೆ ಪುಸ್ತಕವಾಗಿ, ಬಾಡಿಗೆ ಲೈಬ್ರರಿಗಳ ಕಪಾಟಿನಲ್ಲಿ ಮೂಲೆ ಮಡಚಿಕೊಂಡು ಸವೆದ ಕಾದಂಬರಿಗಳು. ಕೂಡಿಬರದ ಜಾತಕ, ಅಂತಸ್ತು, ಮುನಿಸಿಕೊಂಡ ಸೋದರಮಾವ, ಅಮೆರಿಕದಿಂದ ಬಂದಿಳಿದ ಇನ್ನೊಬ್ಬ ವರ. ನನ್ನ ಸರಕು ಇಷ್ಟೇ. ಓದುವವರು ಓದುತ್ತಲೇ ಇದ್ದರು, ಬೇಜಾರು ಬಂದದ್ದು ನನಗೆ. ಪ್ರೀತಿಸಿದ ಇಬ್ಬರ ಮಧ್ಯೆ ಗಟ್ಟಿಯಾದ ಒಂದು ಗೋಡೆ ಇಲ್ಲದಿದ್ದರೆ ಪ್ರೇಮಕಥೆ ನಿಲ್ಲುವುದಿಲ್ಲ. ಜಾತಿಯ ಗೋಡೆ ಈಗಲೂ ಗಟ್ಟಿಯೇ, ಇಲ್ಲ ಅನ್ನುವುದಿಲ್ಲ. ಆದರೆ ಅದನ್ನು ನಿಜವಾಗಿ ಬರೆಯಲು ಹೊರಟರೆ ಮಚ್ಚು, ಪೊಲೀಸ್ ಠಾಣೆ, ಕೋರ್ಟು ಎಲ್ಲ ಬರೆಯಬೇಕು. ಅದು ಬೇರೆಯೇ ಕಾದಂಬರಿ. ನನಗೆ ಬೇಕಿದ್ದದ್ದು ಒಂದೇ ಫೋನ್ ಕಾಲಿಗೆ ಬೀಳದ ಗೋಡೆ. ಅದನ್ನು ಹುಡುಕುತ್ತಾ ಫ್ಯಾಂಟಸಿಗೆ ಬಂದೆ.

'ಫ್ಯಾಂಟಸಿ ಅಂದ್ರೆ ಡ್ರ್ಯಾಗನ್ನು, ಕತ್ತಿ ಹಿಡಿದ ರಾಣಿ, ಅದೆಲ್ಲ ಇಂಗ್ಲಿಷಿನವರದ್ದಲ್ವಾ?' ಅಂತ ನನ್ನ ತಂಗಿಯೇ ಕೇಳಿದಳು. ಅವಳಿಗೆ ನೇಮಿಚಂದ್ರನ 'ಲೀಲಾವತಿ'ಯ ಕಥೆ ಹೇಳಿದೆ. 12ನೇ ಶತಮಾನದ ಕನ್ನಡ ಚಂಪೂ, ಅಂದರೆ ಗದ್ಯ ಪದ್ಯ ಬೆರೆತ ಕಾವ್ಯ. ಜಯಂತೀಪುರದ ರಾಜಕುಮಾರ ಕಂದರ್ಪ ಕನಸಿನಲ್ಲಿ ಒಬ್ಬಳನ್ನು ನೋಡುತ್ತಾನೆ. ಎಲ್ಲೋ ದೂರದ ಊರಿನಲ್ಲಿ ಆ ಲೀಲಾವತಿಯೂ ಕನಸಿನಲ್ಲಿ ಇವನನ್ನು ನೋಡುತ್ತಾಳೆ. ಹೆಸರು ಗೊತ್ತಿಲ್ಲ, ಊರು ಗೊತ್ತಿಲ್ಲ, ಹುಡುಕಿಕೊಂಡು ಹೊರಡಬೇಕು. ಅದಕ್ಕೂ ಮೊದಲು ನಾಗವರ್ಮ ಸಂಸ್ಕೃತದ ಬಾಣನ 'ಕಾದಂಬರಿ'ಯನ್ನು ಕನ್ನಡಕ್ಕೆ ತಂದಿದ್ದ. ಅದರಲ್ಲಿ ಕಥೆ ಹೇಳುವುದೇ ಒಂದು ಗಿಳಿ. ನಾಯಕ ಚಂದ್ರಾಪೀಡ ಸತ್ತರೂ ಅವನ ದೇಹ ಕೆಡುವುದಿಲ್ಲ. ಗಂಧರ್ವರ ಹುಡುಗಿ ಕಾದಂಬರಿ ಆ ದೇಹವನ್ನು ಕಾಯುತ್ತಾ ಕೂರುತ್ತಾಳೆ. ಇಷ್ಟೆಲ್ಲ ಮನೆಯಲ್ಲೇ ಇಟ್ಟುಕೊಂಡು ನಾವು ಡ್ರ್ಯಾಗನ್ನಿಗೆ ಹೆದರುವುದು ಯಾಕೆ?

ಆದರೂ ನನಗೆ ನಿಜವಾಗಿ ಪಾಠ ಹೇಳಿದ್ದು ಪಂಡಿತರ ಕಾವ್ಯ ಅಲ್ಲ, ಹೂವಿನ ಮರವಾಗುವ ಹುಡುಗಿಯ ಜನಪದ ಕಥೆ. ಕರ್ನಾಟಕದಲ್ಲಿ ಅಜ್ಜಿಯರ ಬಾಯಲ್ಲಿ ಉಳಿದು ಬಂದದ್ದು. ಬಡ ಹುಡುಗಿಗೆ ಒಂದು ವಿದ್ಯೆ ಗೊತ್ತು. ಒಂದು ಬಿಂದಿಗೆ ನೀರು ಮೈಮೇಲೆ ಸುರಿದರೆ ಮರವಾಗುತ್ತಾಳೆ. ಬೇಕಾದಷ್ಟು ಹೂ ಕೊಯ್ಯಬಹುದು, ಆದರೆ ಎಲೆ, ಚಿಗುರು, ರೆಂಬೆ ಮುರಿಯಬಾರದು. ಆಮೇಲೆ ಇನ್ನೊಂದು ಬಿಂದಿಗೆ ಸುರಿದರೆ ಮತ್ತೆ ಹುಡುಗಿ. ರಾಜಕುಮಾರ ಮದುವೆಯಾಗುತ್ತಾನೆ. ಅವನ ತಂಗಿ ಹಠ ಮಾಡಿ ಅತ್ತಿಗೆಯನ್ನು ತೋಟಕ್ಕೆ ಕರೆದುಕೊಂಡು ಹೋಗಿ, ಮರ ಮಾಡಿಸಿ, ಗೆಳತಿಯರ ಜೊತೆ ಸೇರಿ ರೆಂಬೆ ಎಲ್ಲ ಮುರಿದು ಹಾಕುತ್ತಾಳೆ. ಮನೆಗೆ ಓಡುವ ಅವಸರದಲ್ಲಿ ಎರಡನೇ ಬಿಂದಿಗೆಯನ್ನೂ ಸರಿಯಾಗಿ ಸುರಿಯುವುದಿಲ್ಲ. ಹುಡುಗಿ ಕೈಕಾಲಿಲ್ಲದ ಅರೆಮೈಯಾಗಿ ಚರಂಡಿ ಪಾಲಾಗುತ್ತಾಳೆ.

ಮಾಯೆ ಎಷ್ಟು ಚಿಕ್ಕದು ನೋಡಿ. ಎರಡೇ ಬಿಂದಿಗೆ ನೀರು. ಮಂತ್ರವಾದಿ ಇಲ್ಲ, ಶಾಪ ಕೊಡುವ ಋಷಿ ಇಲ್ಲ. ಆದರೆ ಆ ನಿಯಮದ ಒಳಗೇ ಇಡೀ ಪ್ರೇಮಕಥೆ ಕೂತಿದೆ. ಅವಳನ್ನು ಪ್ರೀತಿಸುವುದು ಅಂದರೆ ಎಲೆ ಮುರಿಯದ ಹಾಗೆ ಹೂ ಕೊಯ್ಯುವುದು. ಇದನ್ನು ಓದಿದ ಮೇಲೆ ನನ್ನ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದುಕೊಂಡೆ: ಮಾಯೆಯನ್ನು ತೆಗೆದರೂ ಪ್ರೀತಿ ನಡೆಯುವುದಾದರೆ ಆ ಮಾಯೆ ದಂಡ.

ಈ ಅಳತೆ ಇಟ್ಟುಕೊಂಡೇ ನನ್ನ ನಾಯಕನನ್ನು ಮಾಡಿದೆ. ಅವನು ನಾಗ. ಹಾವಾಗುವುದು, ಮನುಷ್ಯನಾಗುವುದು ಎಲ್ಲರೂ ನೋಡಿದ್ದೇ, ಟಿವಿಯಲ್ಲಿ ಬೇಕಾದಷ್ಟಿದೆ. ನನ್ನ ನಿಯಮ ಒಂದೇ. ಪೊರೆ ಬಿಟ್ಟಾಗಲೆಲ್ಲ ಅವನಿಗೆ ಹಿಂದಿನದು ಮರೆತುಹೋಗುತ್ತದೆ. ಹಾವು ಬೆಳೆದ ಹಾಗೆ ಪೊರೆ ಬಿಡಲೇಬೇಕು, ತಡೆದರೆ ಸಾಯುತ್ತದೆ. ಅಂದರೆ ನಾಯಕಿ ಪ್ರತಿ ಸಲ ಅಪರಿಚಿತಳಾಗುತ್ತಾಳೆ, ಮತ್ತೆ ಮೊದಲಿಂದ ಶುರು. ಬಿಟ್ಟ ಪೊರೆ ಅವಳ ಹತ್ತಿರ ಇದೆ. ಅದನ್ನು ಅವನ ಮೈಗೆ ಸುತ್ತಿದರೆ ಎಲ್ಲ ನೆನಪಾಗುತ್ತದೆ, ಆದರೆ ಅಷ್ಟೇ ಆಯುಷ್ಯ ಕಮ್ಮಿಯಾಗುತ್ತದೆ. ಈಗ ಫೋನ್ ಮಾಡಿ ನೋಡೋಣ!

ನಿಯಮ ಸಿಕ್ಕಿದ ಮೇಲೆ ಊರು ಬೇಕು. ಹೊಸ ಲೋಕ ಕಟ್ಟುತ್ತೇನೆ ಅಂತ ಬಾಯಿಗೆ ಬಂದ ಹೆಸರಿಟ್ಟು ನಕ್ಷೆ ಬರೆಯುವುದು ನನಗೆ ಆಗದ ಕೆಲಸ. ಬನವಾಸಿ ನಮಗೆ ಬಸ್ಸು ಹತ್ತಿದರೆ ಸಿಗುವ ಊರು. ನೇಮಿಚಂದ್ರನ ಜಯಂತೀಪುರ ಅಂದರೂ ಇದೇ. ಮಧುಕೇಶ್ವರ ದೇವಸ್ಥಾನದಲ್ಲಿ ಐದು ಹೆಡೆಯ ನಾಗನ ಕಲ್ಲು ಇದೆ. ಅಂಚಿನಲ್ಲಿ ಬ್ರಾಹ್ಮಿ ಲಿಪಿಯ ಪ್ರಾಕೃತ ಬರಹ. ಚುಟು ವಂಶದ ರಾಜನ ಮಗಳು ನಾಗಸಿರಿ ಆ ನಾಗನನ್ನೂ, ಒಂದು ಕೆರೆಯನ್ನೂ, ವಿಹಾರವನ್ನೂ ಮಾಡಿಸಿದಳು ಅಂತ ಅದರಲ್ಲಿದೆ. ಕದಂಬರಿಗಿಂತ ಹಿಂದಿನ ಮಾತು. ರಾಜನ ಮಗಳಿಗೆ ನಾಗನ ಮೇಲೆ ಯಾಕಷ್ಟು ಅಕ್ಕರೆ? ಇತಿಹಾಸಕಾರರು ಭಕ್ತಿ ಅನ್ನುತ್ತಾರೆ. ಸರಿಯಾಗಿಯೇ ಹೇಳುತ್ತಾರೆ. ಆದರೆ ಪ್ರೇಮಕಥೆ ಬರೆಯುವವಳ ತಲೆ ಬೇರೆ ಕಡೆ ಓಡುತ್ತದೆ.

ಹತ್ತಿರದ ಗುಡ್ನಾಪುರದಲ್ಲಿ ಕೆರೆ ಪಕ್ಕ ಕದಂಬ ರವಿವರ್ಮನ ಶಾಸನದ ಕಂಬ ಸಿಕ್ಕಿದೆ. ಅದರಲ್ಲಿ ಕಾಮದೇವನಿಗೆ ಗುಡಿ ಕಟ್ಟಿಸಿದ ಮಾತು, ವಸಂತೋತ್ಸವದ ಮಾತು ಬರುತ್ತದೆ. ಪ್ರೇಮಕಥೆಗೆ ಮನ್ಮಥನ ಗುಡಿಗಿಂತ ಒಳ್ಳೆಯ ಸೆಟ್ ಯಾರು ಹಾಕಿಕೊಡುತ್ತಾರೆ? ನನ್ನ ನಾಯಕಿ ಶಾಸನದ ಪಡಿಯಚ್ಚು ತೆಗೆಯುವ ಕೆಲಸದವಳಾದದ್ದು ಹೀಗೆ. ಕಲ್ಲು ತೊಳೆದು, ಒದ್ದೆ ಕಾಗದ ಅಂಟಿಸಿ, ಬ್ರಷ್‌ನಿಂದ ಹೊಡೆದು ಹೊಡೆದು ಅಕ್ಷರದ ಗುಂಡಿಯೊಳಗೆ ಕಾಗದ ಕೂರಿಸಿ, ಆಮೇಲೆ ಮಸಿ ಒತ್ತುವುದು. ಕಾದಂಬರಿಯ ಮೊದಲ ಅಧ್ಯಾಯದಲ್ಲಿ ಅವಳು ಕಾಗದ ಹೊಡೆಯುತ್ತಿದ್ದಾಗ ಕಾಗದದ ಕೆಳಗೆ ಏನೋ ಉಸಿರಾಡುತ್ತದೆ. ಈ ಕೆಲಸದ ವಿವರ ಸರಿಯಾಗಿದ್ದದ್ದಕ್ಕೇ ಉಸಿರನ್ನು ಓದುಗರು ನಂಬಿದರು ಅಂತ ನನ್ನ ಲೆಕ್ಕ. ಸುಳ್ಳು ಹೇಳುವ ಮುಂಚೆ ಹತ್ತು ನಿಜ ಹೇಳಿರಬೇಕು.

ಜಾಸ್ತಿ ಕಷ್ಟ ಕೊಟ್ಟದ್ದು ಮಾತುಕತೆ. ನಾಗರ ಕುಲದವನು ಬಾಯಿ ತೆರೆದ ಕೂಡಲೇ ಕನ್ನಡದಲ್ಲಿ ಪೌರಾಣಿಕ ನಾಟಕ ಶುರುವಾಗುತ್ತದೆ. 'ಹೇ ಸುಂದರಿ, ನಿನ್ನ ವದನಾರವಿಂದವನ್ನು ಕಂಡು' ಅಂದರೆ ಮುಗಿಯಿತು, ಕಣ್ಣ ಮುಂದೆ ಕಿರೀಟ, ಪರದೆ, ಹಾರ್ಮೋನಿಯಂ. ಹಾಗಂತ ಅವನ ಬಾಯಲ್ಲಿ ಬೆಂಗಳೂರಿನ ಹುಡುಗನ ಮಾತು ಹಾಕಲಿಕ್ಕೂ ಆಗುವುದಿಲ್ಲ. ಕೊನೆಗೆ ಹೀಗೆ ಮಾಡಿದೆ. ಅವನ ಮಾತಿನಲ್ಲಿ ಒಂದೂ ಇಂಗ್ಲಿಷ್ ಪದ ಇಲ್ಲ, ಒಂದೂ ದೊಡ್ಡ ಸಂಸ್ಕೃತ ಪದವೂ ಇಲ್ಲ. ನೀರು, ಕಲ್ಲು, ಬಿಸಿಲು, ಹಸಿವು ಇಷ್ಟರಲ್ಲೇ ಅವನು ಮಾತಾಡಬೇಕು. ನಾಯಕಿ ಮಾತ್ರ ನಾವು ನೀವು ಮಾತಾಡುವ ಹಾಗೆ, ಚಾರ್ಜರ್ರು, ಟೆನ್ಷನ್ನು ಎಲ್ಲ ಸೇರಿಸಿ. ಅವರಿಬ್ಬರು ಮೊದಲ ಸಲ ಕೈ ಹಿಡಿಯುವ ಜಾಗ ಹೀಗಿದೆ:

'ನಿನ್ನ ಕೈ ಬೆಚ್ಚಗಿದೆ. ನಮ್ಮಲ್ಲಿ ಯಾರ ಕೈಯೂ ಹೀಗಿರುವುದಿಲ್ಲ.'

'ಸ್ವಲ್ಪ ಜ್ವರ ಇದೆ ನಂಗೆ.'

'ಹಾಗಾದರೆ ಅದು ಹೋಗುವ ತನಕ ಬಿಡಬೇಡ.'

ಹಾವಿನ ಮೈ ತಣ್ಣಗೆ, ಬಿಸಿಲು ಕಾಯಿಸಿಕೊಂಡರೇ ಅದಕ್ಕೆ ಜೀವ. ವದನಾರವಿಂದದ ಕೆಲಸವನ್ನು ಆ ಜ್ವರ ಮಾಡಿಕೊಟ್ಟಿತು. ಈ ಕಾದಂಬರಿಯಲ್ಲಿ ನನಗೆ ತುಂಬ ಇಷ್ಟವಾದ ಮೂರು ಸಾಲು ಇವೇ.

ಇನ್ನೊಂದು ವಿಷಯ ಹೇಳಲೇಬೇಕು. ನಮ್ಮಲ್ಲಿ ನಾಗ ಅಂದರೆ ಬರೀ ಪಾತ್ರ ಅಲ್ಲ. ಪಂಚಮಿಗೆ ಹಾಲೆರೆಯುತ್ತೇವೆ, ನಾಗರಬನದ ಮರ ಕಡಿಯುವುದಿಲ್ಲ. ಮನೆಯಲ್ಲಿ ಅತ್ತೆ ಕರಡು ಓದಿ ಪಕ್ಕಕ್ಕಿಟ್ಟು, 'ದೇವರನ್ನು ಹೀರೋ ಮಾಡ್ತಾ ಇದ್ದೀಯಾ?' ಅಂದರು. ಅದು ಬರೀ ಅತ್ತೆಯ ಪ್ರಶ್ನೆ ಅಲ್ಲ, ಓದುಗರ ಪ್ರಶ್ನೆಯೂ ಹೌದು. ಹಾಗಾಗಿ ಅವನು ದೇವರಲ್ಲ, ವರದಾ ನದಿಯ ಮಡುವಿನಲ್ಲಿ ಇರುವ ಒಂದು ಕುಲದವನು. ಅವರೂ ಪಂಚಮಿ ಮಾಡುತ್ತಾರೆ, ಅವರೂ ನಾಗದೇವರಿಗೆ ಕೈ ಮುಗಿಯುತ್ತಾರೆ. ಬನದಲ್ಲಿ, ಗುಡಿಯೊಳಗೆ ಪ್ರಣಯದ ದೃಶ್ಯ ಒಂದೂ ಇಲ್ಲ. ಮನ್ಮಥನ ಗುಡಿಯ ಮಾತು ಬೇರೆ. ಅವರ ಲೋಕದಲ್ಲಿ ಯಾರೂ 'ಹಾವು' ಅನ್ನುವುದಿಲ್ಲ, ನಮ್ಮೂರಲ್ಲಿ ಕತ್ತಲಾದ ಮೇಲೆ ಯಾರೂ ಅನ್ನದ ಹಾಗೆ. ಅತ್ತೆ ಆಮೇಲೆ ಮುಂದಿನ ಹಾಳೆ ಕೇಳಿ ಓದಿದರು. ಅನುಮತಿ ಸಿಕ್ಕಿತು ಅಂದುಕೊಂಡೆ.

ಪ್ರಕಾಶಕರ ಹತ್ತಿರ ಹೋದರೆ ಮೊದಲ ಪ್ರಶ್ನೆ: 'ಮೇಡಂ, ಇದು ಮಕ್ಕಳಿಗಾ, ದೊಡ್ಡೋರಿಗಾ?' ಅವರ ಕಷ್ಟವೂ ನನಗೆ ಗೊತ್ತು. ಅಂಗಡಿಯಲ್ಲಿ ಸಾಮಾಜಿಕ, ಐತಿಹಾಸಿಕ, ಪತ್ತೇದಾರಿ ಅಂತ ಕಪಾಟುಗಳಿವೆ, ಇದನ್ನು ಎಲ್ಲಿ ಇಡುವುದು? ಗ್ರಂಥಾಲಯ ಇಲಾಖೆಯ ಸಗಟು ಖರೀದಿಗೆ ಆಯ್ಕೆಯಾದರೆ ಹಾಕಿದ ದುಡ್ಡು ಬರುತ್ತದೆ ಅಂತ ಲೆಕ್ಕ ಹಾಕುವವರು ಅವರು. ನಾಗ ಪೊರೆ ಬಿಡುವ ಕಥೆಗೆ ಆ ಲೆಕ್ಕ ಕೂಡುವುದಿಲ್ಲ. ಸರಿ, ಮೊದಲು ಓದುಗರನ್ನು ತೋರಿಸೋಣ ಅಂತ ಪ್ರತಿಲಿಪಿ ಅನ್ನುವ ಕಥೆ ಓದುವ ಆ್ಯಪಿನಲ್ಲಿ ಕಂತು ಕಂತಾಗಿ ಹಾಕಲು ಶುರು ಮಾಡಿದೆ. ಅದು 2014ರಲ್ಲಿ ಶುರುವಾದ ಬೆಂಗಳೂರಿನ ಕಂಪನಿ, ಕನ್ನಡದಲ್ಲಿ ಬರೆಯುವ ಹೆಣ್ಣುಮಕ್ಕಳ ದೊಡ್ಡ ಸಂತೆಯೇ ಅಲ್ಲಿದೆ. ವಾರಪತ್ರಿಕೆಯ ಧಾರಾವಾಹಿಯಲ್ಲಿ ಪಳಗಿದ ಕೈ ಅಲ್ಲಿ ಚೆನ್ನಾಗಿ ಉಪಯೋಗಕ್ಕೆ ಬಂತು. ಕಂತಿನ ಕೊನೆಯ ಸಾಲು ಎಲ್ಲಿ ಕತ್ತರಿಸಬೇಕು ಅನ್ನುವುದು ಬೆರಳಿಗೆ ಗೊತ್ತಿರುತ್ತದೆ. ಒಂದೇ ವ್ಯತ್ಯಾಸ, ಪತ್ರಿಕೆಯ ಓದುಗರು ವಾರ ಕಾಯುತ್ತಿದ್ದರು, ಇವರು ಮಾರನೇ ದಿನವೇ 'ಮುಂದಿನ ಭಾಗ ಎಲ್ಲಿ ಅಕ್ಕಾ?' ಅನ್ನುತ್ತಾರೆ. ಅದಕ್ಕೇ ಇಡೀ ಕಾದಂಬರಿ ಬರೆದು ಮುಗಿಸಿಯೇ ಮೊದಲ ಕಂತು ಹಾಕಿದ್ದು. ಫ್ಯಾಂಟಸಿಯಲ್ಲಿ ಇದು ಬೇಕೇ ಬೇಕು. ಮೂರನೇ ಕಂತಿನಲ್ಲಿ ಹೇಳಿದ ನಿಯಮವನ್ನು ಮೂವತ್ತನೇ ಕಂತಿನಲ್ಲಿ ಬದಲಾಯಿಸಿದರೆ ಓದುಗರು ಸುಮ್ನೆ ಬಿಡುವುದಿಲ್ಲ.

ಓದುಗರು ಸೇರಿದ ಮೇಲೆ ಒಬ್ಬ ಚಿಕ್ಕ ಪ್ರಕಾಶಕರು ಒಪ್ಪಿದರು. ಆದರೆ ಕಂತಿನಲ್ಲಿ ಬಂದದ್ದನ್ನು ಹಾಗೇ ಅಚ್ಚು ಹಾಕಲಿಕ್ಕೆ ಆಗುವುದಿಲ್ಲ. ಪ್ರತಿ ಕಂತಿನ ಶುರುವಿನಲ್ಲಿ ಹಿಂದಿನದನ್ನು ನೆನಪಿಸುವ ಎರಡು ಸಾಲು ಇರುತ್ತದೆ. ಪುಸ್ತಕದಲ್ಲಿ ಅದು ಓದುಗರ ತಲೆ ಮೇಲೆ ಮೊಟಕಿದ ಹಾಗೆ. ಅದೆಲ್ಲ ತೆಗೆದೆ. ಕಂತಿನ ಕೊನೆಯ ಬೆಚ್ಚಿಬೀಳಿಸುವ ಸಾಲುಗಳಲ್ಲಿ ಅರ್ಧದಷ್ಟನ್ನೂ ತೆಗೆದೆ. ಉಳಿದ ಅರ್ಧಕ್ಕೆ ಆಗ ಬೆಲೆ ಬಂತು.

ಟೈಪಿಂಗ್ ವಿಷಯದಲ್ಲಿ ಒಂದು ಎಚ್ಚರಿಕೆ. ನಾವು ಫೋನಿನಲ್ಲಿ, ಲ್ಯಾಪ್‌ಟಾಪಿನಲ್ಲಿ ಯೂನಿಕೋಡ್ ಬರೆಯುತ್ತೇವೆ. ಎಷ್ಟೋ ಡಿಟಿಪಿಯವರು ಈಗಲೂ 'ನುಡಿ' ಅನ್ನುವ ಹಳೆಯ ಫಾಂಟಿಗೆ ಪರಿವರ್ತನೆ ಮಾಡಿಕೊಂಡೇ ಪುಟ ಕಟ್ಟುತ್ತಾರೆ. ಆಗ ಅರ್ಕಾವತ್ತು, ಒತ್ತಕ್ಷರ ಅಲ್ಲಲ್ಲಿ ಕಾಣೆಯಾಗುತ್ತವೆ. ಪ್ರೂಫ್ ಬಂದಾಗ ಮೊದಲು ಹೆಸರುಗಳನ್ನೇ ನೋಡಿ. ಸಾಮಾಜಿಕ ಕಾದಂಬರಿಯ 'ರಮೇಶ' ಎಡವಿದರೆ ಕರಡು ತಿದ್ದುವವರಿಗೆ ತಿಳಿಯುತ್ತದೆ, ನೀವು ಕಟ್ಟಿದ ನಾಗಕುಲದ ಹೆಸರು ಎಡವಿದರೆ ಅದೇ ಸರಿ ಅಂದುಕೊಂಡು ಮುಂದೆ ಹೋಗುತ್ತಾರೆ. ನಾನು ಎಲ್ಲ ಹೆಸರಿನ ಒಂದು ಪಟ್ಟಿಯನ್ನೇ ಮಾಡಿ ಪ್ರೂಫಿನ ಜೊತೆ ಕೊಟ್ಟೆ. ಮುಖಪುಟದ ಮೊದಲ ಚಿತ್ರದಲ್ಲಿ ಹೆಡೆಯ ಕೆಳಗೆ ಎದೆ ಉಬ್ಬಿಸಿಕೊಂಡ ಒಬ್ಬ ಗಂಡಸು ಇದ್ದ, ಕ್ಯಾಲೆಂಡರ್ ದೇವರಿಗೆ ಜಿಮ್ ಸದಸ್ಯತ್ವ ಕೊಟ್ಟ ಹಾಗೆ. ಕಲಾವಿದರ ಹತ್ತಿರ ಮಾತಾಡಿ ಬರೀ ಒಂದು ಪೊರೆ, ಅದನ್ನು ಹಿಡಿದ ಹೆಣ್ಣಿನ ಕೈ ಅಷ್ಟೇ ಉಳಿಸಿಕೊಂಡೆವು. ನೀವೇ ಪ್ರಕಟಿಸುವುದಾದರೆ ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್‌ಗೆ ಯಾರಿಗೂ ದುಡ್ಡು ಕೊಡಬೇಡಿ. ರಾಜಾ ರಾಮಮೋಹನ್ ರಾಯ್ ರಾಷ್ಟ್ರೀಯ ಏಜೆನ್ಸಿ ಅದನ್ನು ಉಚಿತವಾಗಿ ಕೊಡುತ್ತದೆ, ಅರ್ಜಿ ಆನ್‌ಲೈನಿನಲ್ಲೇ ಹಾಕಬಹುದು.

ದುಡ್ಡಿನ ಮಾತಿಗೆ ಬಂದರೆ, ಕನ್ನಡದಲ್ಲಿ ಗೌರವಧನ ಸಾಮಾನ್ಯವಾಗಿ ಮುಖಬೆಲೆಯ ಶೇ. 10ರ ಆಸುಪಾಸು. ಅದರಲ್ಲಿ ಮನೆ ನಡೆಯುವುದಿಲ್ಲ. ಅದಕ್ಕಿಂತ ಮುಖ್ಯ ಒಪ್ಪಂದದ ಕಾಗದ. ಸಾಂಸಾರಿಕ ಕಾದಂಬರಿ ಬರೆಯುವಾಗ ನಾವು ಯಾರೂ ಅದನ್ನು ಸರಿಯಾಗಿ ಓದುತ್ತಲೇ ಇರಲಿಲ್ಲ, ಸಂಪಾದಕರ ಮುಖ ನೋಡಿ ಸಹಿ ಹಾಕುತ್ತಿದ್ದೆವು. ಫ್ಯಾಂಟಸಿಯಲ್ಲಿ ಪುಸ್ತಕಕ್ಕಿಂತ ಆಡಿಯೋ, ಸೀರಿಯಲ್, ಅನುವಾದದವರು ಬೇಗ ಬರುತ್ತಾರೆ. ಆ ಹಕ್ಕುಗಳನ್ನು ಬೇರೆ ಬೇರೆಯಾಗಿ ಬರೆಸಿ. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಮು ಓದಿಕೊಳ್ಳಿ: ಹಕ್ಕು ಬರೆದುಕೊಡುವಾಗ ಅವಧಿ ನಮೂದಿಸದಿದ್ದರೆ ಅದು ಐದು ವರ್ಷಕ್ಕೆ ಅಂತ ಅರ್ಥ, ಪ್ರದೇಶ ನಮೂದಿಸದಿದ್ದರೆ ಭಾರತಕ್ಕೆ ಮಾತ್ರ. 'ಎಲ್ಲ ಹಕ್ಕುಗಳು, ಶಾಶ್ವತವಾಗಿ, ಜಗತ್ತಿನಾದ್ಯಂತ' ಅನ್ನುವ ಸಾಲು ಕಾಗದದಲ್ಲಿ ಯಾಕೆ ನುಸುಳಿಕೊಳ್ಳುತ್ತದೆ ಅಂತ ಆಗ ತಿಳಿಯುತ್ತದೆ. ನಾನು ಅಚ್ಚಿನ ಹಕ್ಕು ಮಾತ್ರ ಕೊಟ್ಟು ಉಳಿದದ್ದನ್ನು ಇಟ್ಟುಕೊಂಡೆ.

ಆಮೇಲೆ ಸೀರಿಯಲ್ಲಿಗೆ ಕೇಳಿಕೊಂಡು ಒಬ್ಬರು ಮನೆಗೇ ಬಂದರು. ಕಾಫಿ ಕುಡಿದರು, ಕಥೆ ತುಂಬ ಹೊಗಳಿದರು. ಗ್ರಾಫಿಕ್ಸ್‌ಗೆ ಜಾಸ್ತಿ ಖರ್ಚಾಗುತ್ತೆ ಅಂದರು. 'ನಾಗ ಬೇಡ ಮೇಡಂ, ಇಂಜಿನಿಯರ್ ಮಾಡೋಣ. ಪೊರೆ ಬದಲು ಆಕ್ಸಿಡೆಂಟಲ್ಲಿ ನೆನಪು ಹೋಗ್ಲಿ. ಉಳಿದದ್ದೆಲ್ಲ ಹಾಗೇ ಇರುತ್ತೆ.' ಯೋಚನೆ ಮಾಡುತ್ತೇನೆ ಅಂದೆ. ಅವರು ಹೋದ ಮೇಲೆ ಅತ್ತೆ ಕೇಳಿದರು, 'ಅವನು ಇಂಜಿನಿಯರ್ ಆದ್ರೆ ಕೈ ತಣ್ಣಗಿರೋದು ಯಾಕೆ?'

ಹಕ್ಕು ಕೊಡಲಿಲ್ಲ.