ವುಲ್ಫನೈಟ್ ಕಂಡರೆ ಹರಳಿಗೆ ಕೈ ಹಾಕಬೇಡಿ

ಸೀಸದ ಅದಿರಿರುವ ಕಡೆ, ತುಕ್ಕು ಬಣ್ಣದ ಕಲ್ಲಿನ ಸಂದಿನಲ್ಲಿ ಕಿತ್ತಳೆ ಅಥವಾ ಜೇನಿನ ಬಣ್ಣದ ತೆಳುವಾದ ಚೌಕ ಬಿಲ್ಲೆಗಳು ಕಂಡವಾ? ವುಲ್ಫನೈಟ್ ಎಂಬ ಸೀಸದ ಖನಿಜ ಇರಬಹುದು. ವೆನಡಿನೈಟ್ ಎಂಬ ಇನ್ನೊಂದು ಖನಿಜಕ್ಕೂ ಇದೇ ಬಣ್ಣ ಇರಬಹುದು, ಆದರೆ ಅದರ ಹರಳಿಗೆ ಆರು ಮೂಲೆ. ಗೀಚಿ ನೋಡಬೇಡಿ. 1ರಿಂದ 10ರವರೆಗಿನ ಮೋಸ್ ಮಾಪನದಲ್ಲಿ ಇದರ ಗಡಸುತನ ಸುಮಾರು 3 ಅಷ್ಟೇ, ಚೆಂದದ ಹರಳು ಸುಮ್ನೆ ಹಾಳಾಗುತ್ತದೆ.

ಬಿಡಿಸುವಾಗ ಹರಳಿನಿಂದ ಸಾಕಷ್ಟು ದೂರದಲ್ಲಿ ಉಳಿ ಇಟ್ಟು, ಸುತ್ತಲಿನ ಕಲ್ಲಿನ ಸಮೇತ ತೆಗೆಯಿರಿ. ಕಲ್ಲು ಜಾಸ್ತಿ ಬಂದರೂ ಪರವಾಗಿಲ್ಲ, ಮನೆಯಲ್ಲಿ ನಿಧಾನವಾಗಿ ಕಡಿಮೆ ಮಾಡಬಹುದು. ಹತ್ತಿ ಮಾತ್ರ ಸುತ್ತಲೇಬೇಡಿ! ಎಳೆ ಸಿಕ್ಕಿಕೊಂಡು, ಬಿಚ್ಚುವಾಗ ಬಿಲ್ಲೆಯ ಮೂಲೆಯೇ ಮುರಿದು ಬರುತ್ತದೆ. ಕಲ್ಲಿನ ತಳವನ್ನು ಡಬ್ಬಿಗೆ ಅಂಟಿಸಿ, ಹರಳಿಗೆ ಏನೂ ತಾಗದಂತೆ ತನ್ನಿ. ಇದರಲ್ಲಿ ಸೀಸವಿದೆ. ಧೂಳನ್ನು ಉಸಿರಿನಲ್ಲಿ ಎಳೆದುಕೊಳ್ಳಬೇಡಿ, ಕೈ ತೊಳೆಯದೆ ಏನೂ ತಿನ್ನಬೇಡಿ.