ಸರ್ಕಲ್‌ನಲ್ಲಿ ಸೈಕಲ್‌ಗೂ ಜಾಗ ಮಾಡುವುದು ಹೇಗೆ?

ಮೈಸೂರಿನಲ್ಲಿ ಸರ್ಕಲ್‌ಗಳಿಗೆ ಬರವಿಲ್ಲ. 2017ರಲ್ಲಿ ‘ಟ್ರಿಣ್ ಟ್ರಿಣ್’ ಬಾಡಿಗೆ ಸೈಕಲ್‌ಗಳೂ ಬಂದವು. ಆದರೂ ದೊಡ್ಡ ಸರ್ಕಲ್ ಬಂತೆಂದರೆ ನಾನಂತೂ ಇಳಿದು ಸೈಕಲ್ ತಳ್ಳಿಕೊಂಡೇ ಹೋಗುತ್ತೇನೆ. ನಡುವೆ ಪ್ರತಿಮೆ, ಸುತ್ತ ಹೂವಿನ ಪಾತಿ ಇದ್ದರೆ ಸಾಲದು. ನೆದರ್ಲೆಂಡ್ಸ್‌ನವರು ಸರ್ಕಲ್ ಕಟ್ಟುವ ರೀತಿಯೇ ಬೇರೆ.

ಮೊದಲು, ಯಾರು ನಿಲ್ಲಬೇಕು ಅನ್ನುವುದು ತೀರ್ಮಾನವಾಗಬೇಕು. ಒಳಗೆ ಸುತ್ತುತ್ತಿರುವವರಿಗೆ ದಾರಿ, ಹೊಸದಾಗಿ ನುಗ್ಗುವವರು ಕಾಯಬೇಕು. ಬ್ರಿಟನ್ 1966ರಲ್ಲಿ ಇದನ್ನು ನಿಯಮ ಮಾಡಿತು. ಅದಿಲ್ಲದಿದ್ದರೆ ಒಳಗೆ ಬರುವವರು ಹೊರಗೆ ಹೋಗುವವರನ್ನು ತಡೆದು, ಸರ್ಕಲ್ಲೇ ಬೀಗ ಹಾಕಿದಂತಾಗುತ್ತದೆ.

ಎರಡನೆಯದು, ದಾರಿಯನ್ನು ಕಿರಿದು ಮಾಡುವುದು. ಒಂದೇ ಸಾಲು ಸಾಕು. ರಸ್ತೆ ಸರ್ಕಲ್ಲಿನ ನಡುಗಡ್ಡೆಗೆ ನೇರ ಎದುರಾಗಿ ಬರಬೇಕು. ಓರೆಯಾಗಿ ಸೇರಿದರೆ ಕಾರು ವೇಗ ಇಳಿಸುವುದೇ ಇಲ್ಲ. ಗಂಟೆಗೆ 30 ಕಿ.ಮೀ. ಒಳಗೇ ಇರಬೇಕು, ಅಷ್ಟೇ. ಬಸ್ಸು, ಲಾರಿ ತಿರುಗಲು ನಡುಗಡ್ಡೆಯ ಅಂಚಿಗೆ ಸ್ವಲ್ಪ ಎತ್ತರದ ಕಲ್ಲುಹಾಸು ಹಾಕುತ್ತಾರೆ.

ಮುಖ್ಯವಾದದ್ದು ಇನ್ನು ಮುಂದಿದೆ. ಸರ್ಕಲ್ ಒಳಗೇ ಬಣ್ಣ ಬಳಿದು ‘ಇದು ಸೈಕಲ್ ದಾರಿ’ ಎಂದರೆ ಅಪಾಯ ಜಾಸ್ತಿ. ಎಡಕ್ಕೆ ಹೊರಡುವ ಕಾರು ಪಕ್ಕದ ಸೈಕಲ್ಲಿಗೇ ಅಡ್ಡ ಬರುತ್ತದೆ, ಅಲ್ವಾ? ಅದಕ್ಕೇ ಸೈಕಲ್ಲಿಗೆ ಹೊರಗೊಂದು ಬೇರೆ ಸುತ್ತು. ಎರಡರ ನಡುವೆ ಒಂದು ಕಾರು ನಿಲ್ಲುವಷ್ಟು, ಅಂದರೆ ಸುಮಾರು 5 ಮೀಟರ್ ಜಾಗ. ಕಾರು ಪೂರ್ತಿ ತಿರುಗಿದ ಮೇಲೆ ಸೈಕಲ್ ದಾರಿ ಎದುರಾಗುವುದರಿಂದ ಸವಾರ ಚಾಲಕನ ಕಣ್ಣೆದುರೇ ಇರುತ್ತಾನೆ. ಸೈಕಲ್ಲಿಗಾಗಿ ಆ ಕಾರು ನಿಂತರೂ ಹಿಂದಿನವರಿಗೆ ತಡೆಯಿಲ್ಲ. ನೆದರ್ಲೆಂಡ್ಸ್‌ನಲ್ಲಿ ಊರೊಳಗೆ ಸಾಮಾನ್ಯವಾಗಿ ಸೈಕಲ್ಲಿಗೇ ಮೊದಲ ದಾರಿ, ಊರಾಚೆ ಕಾರಿಗೆ.

ನಮ್ಮಂತೆ ಎಡಕ್ಕೆ ಗಾಡಿ ಓಡಿಸುವ ಬ್ರಿಟನ್ನಿನ ಕೇಂಬ್ರಿಜ್‌ನಲ್ಲೂ 2020ರಲ್ಲಿ ಫೆಂಡನ್ ರಸ್ತೆಗೆ ಇಂಥದ್ದೇ ಸರ್ಕಲ್ ಬಂತು. ಸೈಕಲ್ ಸುತ್ತಿಗೆ ಕೆಂಪು ಬಣ್ಣ.

ಲೆಕ್ಕವೂ ಸುಲಭ. ಸಾಧಾರಣ ನಾಲ್ಕು ರಸ್ತೆ ಕೂಡುವಲ್ಲಿ ಗಾಡಿಗಳ ದಾರಿ ಒಂದಕ್ಕೊಂದು ತಾಗುವ ಜಾಗ 32. ಒಂದು ಸಾಲಿನ ಸರ್ಕಲ್‌ನಲ್ಲಿ 8. ಸಿಗ್ನಲ್‌ಗಾಗಿ ಸುಮ್ನೆ ನಿಲ್ಲುವುದೂ ಇಲ್ಲ.

ಗಾಡಿಗಳು ತೀರಾ ಹೆಚ್ಚಾದರೆ ಒಂದು ಸಾಲು ಸಾಲದು. ನೆದರ್ಲೆಂಡ್ಸ್‌ನ ಐಂಡ್‌ಹೋವನ್ ಬಳಿ 2012ರಲ್ಲಿ ಅದಕ್ಕೂ ದಾರಿ ಹುಡುಕಿದರು. 70 ಮೀಟರ್ ಎತ್ತರದ ಕಂಬಕ್ಕೆ 24 ಉಕ್ಕಿನ ಹಗ್ಗ ಕಟ್ಟಿ, ಸೈಕಲ್ ಸರ್ಕಲ್ಲನ್ನೇ ಗಾಳಿಯಲ್ಲಿ ತೂಗುಹಾಕಿದರು. ಹೆಸರು ಹೋವೆನ್‌ರಿಂಗ್. ಕಾರುಗಳು ಕೆಳಗೆ ಸಿಗ್ನಲ್ ಕಾಯುತ್ತವೆ, ಸೈಕಲ್ಲುಗಳು ಮೇಲೆ ಸುತ್ತು ಹಾಕುತ್ತವೆ.