ಶಿಕಾಗೊದ ಯು-505 ಸಬ್‌ಮರೀನ್ ಅನ್ನು ನೋಡುವುದು ಹೇಗೆ

ಶಿಕಾಗೊ ಕಡೆ ಮಕ್ಕಳ ಮನೆಗೆ ಬರುವ ನಮ್ಮವರು ಗ್ರಿಫಿನ್ ಮ್ಯೂಸಿಯಂ ಆಫ್ ಸೈನ್ಸ್ ಅಂಡ್ ಇಂಡಸ್ಟ್ರಿಗೆ ಸಾಮಾನ್ಯವಾಗಿ ಹೋಗಿಯೇ ಹೋಗುತ್ತಾರೆ. ಅಲ್ಲಿ ನೆಲದಡಿಯ ದೊಡ್ಡ ಹಾಲ್‌ನಲ್ಲಿ ಯು-505 ನಿಂತಿದೆ. ಎರಡನೇ ಮಹಾಯುದ್ಧದಲ್ಲಿ ಹೋರಾಡಿದ ಅಸಲಿ ಜರ್ಮನ್ ಸಬ್‌ಮರೀನ್ ಅದು. ಜನ ಬರುತ್ತಾರೆ, ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ, ‘ಅಬ್ಬಾ, ಎಷ್ಟು ಉದ್ದ’ ಎನ್ನುತ್ತಾರೆ, ಊಟದ ಕಡೆ ಹೊರಡುತ್ತಾರೆ. ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ನಾನು ಕೆ.ಆರ್. ಪುರದ ಡೀಸೆಲ್ ಲೋಕೊ ಶೆಡ್‌ನಲ್ಲಿ ಎಲೆಕ್ಟ್ರಿಕಲ್ ಕಡೆ ದುಡಿದು ರಿಟೈರ್ ಆದವನು. ಮಗಳ ಮನೆಗೆ ಬಂದಾಗಲೆಲ್ಲ ಈ ಬೋಟ್ ನೋಡಲು ಹೋಗುತ್ತೇನೆ, ನೆಂಟರನ್ನೂ ಎಳೆದುಕೊಂಡು ಹೋಗುತ್ತೇನೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಟಿಕೆಟ್ ವಿಷಯ. ಒಳಗೆ ಹೋಗುವ ಟೂರ್‌ಗೆ ಬೇರೆಯೇ ಟಿಕೆಟ್ ಇರುತ್ತದೆ. ಬೇಗ ಮುಗಿದುಹೋಗಬಹುದು, ಮನೆಯಲ್ಲೇ ಬುಕ್ ಮಾಡಿಕೊಳ್ಳಿ. ಆದರೆ ನೇರವಾಗಿ ಒಳಗೆ ನುಗ್ಗಬೇಡಿ. ಟೂರ್‌ನ ಹೊತ್ತಿಗಿಂತ ಸಾಕಷ್ಟು ಮುಂಚೆ ಹೋಗಿ, ಹೊರಗಿನಿಂದ ಒಂದು ಸುತ್ತು ಹಾಕಿ. ಮಂಡಿ ನೋವಿರುವವರು, ಇಕ್ಕಟ್ಟು ಜಾಗ ಆಗದವರು ಒಳಗೆ ಹೋಗದಿದ್ದರೂ ನಷ್ಟವಿಲ್ಲ. ಅರ್ಧ ಕಥೆ ಹೊರಗೇ ಇದೆ.

ತಲೆಯಲ್ಲಿ ಒಂದೇ ಮಾತು ಇಟ್ಟುಕೊಂಡು ಸುತ್ತಿ: ಇದು ನೀರಿನ ಮೇಲೆ ಓಡುವ ಹಡಗು, ಬೇಕಾದಾಗ ಮಾತ್ರ ಮುಳುಗುತ್ತಿತ್ತು. ಈಗಿನ ಅಣುಶಕ್ತಿ ಸಬ್‌ಮರೀನ್‌ನಂತೆ ತಿಂಗಳುಗಟ್ಟಲೆ ಒಳಗೇ ಇರುವಂಥದ್ದಲ್ಲ. ಮೂತಿ ನೋಡಿ, ಹಡಗಿನ ಹಾಗೆ ಚೂಪಾಗಿದೆ. ಮೇಲೆ ಓಡಾಡಲು ಚಪ್ಪಟೆ ಡೆಕ್ ಇದೆ. ಅಲೆ ಸೀಳಿಕೊಂಡು ಹೋಗಲು ಮಾಡಿದ ಆಕಾರ ಅದು. ನೀರಿನ ಮೇಲೆ ಗಂಟೆಗೆ 18 ನಾಟಿಕಲ್ ಮೈಲಿ ಓಡುತ್ತಿತ್ತು. ಒಳಗಿಳಿದರೆ ಏಳು ದಾಟುವುದೇ ಕಷ್ಟ. ಗಂಟೆಗೆ ನಾಲ್ಕರಂತೆ ಮೆಲ್ಲಗೆ ಹೋದರೂ ಸುಮಾರು 63 ಮೈಲಿಗೆ ಬ್ಯಾಟರಿ ಖಾಲಿ. ಅಂದರೆ ಹದಿನಾರು ಗಂಟೆಯೂ ಇಲ್ಲ. ಆಮೇಲೆ ಗಾಳಿಗಾಗಿ ಮೇಲೆ ಬರಲೇಬೇಕು, ಡೀಸೆಲ್ ಎಂಜಿನ್ ಓಡಿಸಬೇಕು, ಬ್ಯಾಟರಿ ಚಾರ್ಜ್ ಮಾಡಬೇಕು. ಈ ಬೋಟಿಗೆ ಆದ ಕಷ್ಟಗಳೆಲ್ಲ ಹೆಚ್ಚುಕಡಿಮೆ ಇಲ್ಲಿಂದಲೇ ಹುಟ್ಟಿದ್ದು.

ಇದು ನೈನ್-ಸಿ ಎಂಬ ಮಾದರಿ. ಹ್ಯಾಂಬರ್ಗ್‌ನ ಡಾಯ್ಚ ವೆರ್ಫ್ಟ್ ಕಾರ್ಖಾನೆಯಲ್ಲಿ ಕಟ್ಟಿದರು. 1941ರ ಮೇ ತಿಂಗಳಲ್ಲಿ ನೀರಿಗಿಳಿಯಿತು, ಆಗಸ್ಟ್ 26ರಂದು ನೌಕಾಪಡೆಗೆ ಸೇರಿತು. ಉದ್ದ ಸುಮಾರು 76 ಮೀಟರ್. ಅಗಲ ಏಳು ಮೀಟರ್‌ಗೆ ಸ್ವಲ್ಪ ಕಡಿಮೆ. ಆದರೆ ಆ ಅಗಲ ನೋಡಿ ಮೋಸ ಹೋಗಬೇಡಿ. ಬೋಟಿಗೆ ಎರಡು ಮೈ. ನಮಗೆ ಕಾಣುವುದು ಹೊರಮೈ, ತೆಳು ತಗಡು. ಅದರೊಳಗೆ ಸುಮಾರು 4.4 ಮೀಟರ್ ಅಡ್ಡಳತೆಯ ಗಟ್ಟಿ ಉಕ್ಕಿನ ಕೊಳವೆ ಇದೆ. ಜನ ಬದುಕಿದ್ದು ಆ ಕೊಳವೆಯಲ್ಲಿ. ಎರಡರ ನಡುವಿನ ಜಾಗದಲ್ಲಿ ಮುಳುಗಲು ನೀರು ತುಂಬುವ ಟ್ಯಾಂಕ್‌ಗಳು, ಡೀಸೆಲ್ ಟ್ಯಾಂಕ್‌ಗಳು. ಡೀಸೆಲ್ ಖರ್ಚಾದಂತೆ ಅದರ ಜಾಗಕ್ಕೆ ಕೆಳಗಿನಿಂದ ಸಮುದ್ರದ ನೀರು ಬರುತ್ತಿತ್ತು. ಎಣ್ಣೆ ಹಗುರ, ಮೇಲೆ ತೇಲುತ್ತದೆ, ಅಲ್ವಾ? ಹಾಗಾಗಿ ಟ್ಯಾಂಕ್ ಯಾವಾಗಲೂ ಭರ್ತಿ, ಹೊರಗಿನ ಒತ್ತಡಕ್ಕೆ ತೆಳು ತಗಡು ಅಪ್ಪಚ್ಚಿ ಆಗುವುದಿಲ್ಲ. ಅಷ್ಟು ಡೀಸೆಲ್ ಹೊತ್ತಿದ್ದರಿಂದಲೇ 13,000 ಮೈಲಿಗೂ ಜಾಸ್ತಿ ಹೋಗುವ ತಾಕತ್ತಿತ್ತು. ಆಗ ಜರ್ಮನರ ಕೈಯಲ್ಲಿದ್ದ ಫ್ರಾನ್ಸ್‌ನ ಲೊರಿಯಾಂ ಬಂದರಿನಿಂದ ಆಫ್ರಿಕಾ ತೀರಕ್ಕೂ ಕೆರಿಬಿಯನ್‌ಗೂ ಹೋಗಿ ಬರುತ್ತಿತ್ತು.

ಈಗ ಮಧ್ಯದ ಗೋಪುರದ ಹತ್ತಿರ ನಿಲ್ಲಿ. ಹಿಂಭಾಗದ ಕಟ್ಟೆಗಳ ಮೇಲೆ ವಿಮಾನ ಹೊಡೆಯುವ ಗನ್‌ಗಳಿವೆ. ಬೋಟ್ ಹುಟ್ಟಿದಾಗ ಇಷ್ಟು ಇರಲಿಲ್ಲ. ಆಗ ಡೆಕ್ ಮೇಲಿನ 10.5 ಸೆಂಟಿಮೀಟರ್ ತೋಪು ಮುಖ್ಯವಾಗಿತ್ತು, ಹಡಗುಗಳಿಗೆ ಹೊಡೆಯಲು. ಆಮೇಲೆ ಭಯ ಆಕಾಶದಿಂದ ಬಂತು. 1942ರ ನವೆಂಬರ್ 10ರಂದು ಟ್ರಿನಿಡಾಡ್ ಹತ್ತಿರ ಬ್ರಿಟಿಷ್ ಹಡ್ಸನ್ ವಿಮಾನವೊಂದು ತೀರಾ ಕೆಳಗೆ ಹಾರಿಬಂದು ಬಾಂಬ್ ಹಾಕಿತು. ಬಾಂಬ್ ನೇರ ಡೆಕ್‌ಗೇ ಬಿತ್ತು. ಆ ಸ್ಫೋಟಕ್ಕೆ ಸಿಕ್ಕಿ ವಿಮಾನವೂ ಸಮುದ್ರಕ್ಕೆ ಬಿತ್ತು, ಅದರಲ್ಲಿದ್ದವರು ಸತ್ತರು. ಬೋಟ್ ಚಿಂದಿಯಾಗಿತ್ತು. ಆದರೂ ಸಿಬ್ಬಂದಿ ತೇಪೆ ಹಾಕಿಕೊಂಡು ಇಡೀ ಅಟ್ಲಾಂಟಿಕ್ ದಾಟಿ ಲೊರಿಯಾಂಗೆ ತಂದರು. ರಿಪೇರಿ ಕೆಲಸ ಮಾಡಿದ ನನಗೆ ಇದನ್ನು ನೆನೆದರೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ.

ಹತ್ತುವಾಗ ಒಂದು ಗಮನಿಸಿ. ನೀವು ಹೋಗುವ ಪಕ್ಕದ ಬಾಗಿಲು ಮ್ಯೂಸಿಯಂನವರು ಉಕ್ಕು ಕೊರೆದು ಮಾಡಿದ್ದು. ಯುದ್ಧದಲ್ಲಿ ಮೇಲಿನ ದುಂಡು ಹ್ಯಾಚ್‌ಗಳೇ ದಾರಿ. ಒಳಗೆ ಕೋಣೆಯಿಂದ ಕೋಣೆಗೆ ಹೋಗುವಾಗ ತಲೆ ಬಗ್ಗಿಸಿ, ಕಾಲೆತ್ತಿ.

ಟೂರ್ ಎತ್ತ ಕಡೆಯಿಂದ ಶುರುವಾದರೂ ಮುಂಭಾಗದ ಟಾರ್ಪೆಡೊ ಕೋಣೆಯಲ್ಲಿ ಮಂಚಗಳನ್ನು ನೋಡಿ. ಐವತ್ತಕ್ಕೂ ಹೆಚ್ಚು ಜನ, ಮಂಚ ಕಡಿಮೆ. ಒಬ್ಬ ಡ್ಯೂಟಿಗೆ ಎದ್ದರೆ ಅದೇ ಬಿಸಿ ಹಾಸಿಗೆಗೆ ಇನ್ನೊಬ್ಬ. ಸ್ನಾನದ ಮಾತೇ ಇಲ್ಲ. ಪಕ್ಕದಲ್ಲೇ ಟಾರ್ಪೆಡೊಗಳು. ಮುಂದೆ ನಾಲ್ಕು, ಹಿಂದೆ ಎರಡು ಕೊಳವೆ. ಒಟ್ಟು 22 ಟಾರ್ಪೆಡೊ ಒಯ್ಯುವ ಜಾಗ. ಕ್ಯಾಪ್ಟನ್‌ಗೆ ಸಿಕ್ಕ ಸವಲತ್ತು ಎಂದರೆ ಒಂದು ಮಂಚ, ಒಂದು ಪರದೆ. ಅವನ ಎದುರಿಗೇ ರೇಡಿಯೊ ಕೋಣೆ ಮತ್ತು ನೀರಿನ ಸದ್ದು ಕೇಳುವ ಕೋಣೆ, ಮಲಗಿದಲ್ಲೇ ಸುದ್ದಿ ಮುಟ್ಟಲಿ ಎಂದು.

ಕಂಟ್ರೋಲ್ ರೂಮ್‌ಗೆ ಬಂದಾಗ ಚಕ್ರ, ವಾಲ್ವ್, ಗೇಜುಗಳ ಕಾಡು ನೋಡಿ ಗಾಬರಿ ಬೇಡ. ಆಳ ತೋರಿಸುವ ದೊಡ್ಡ ಗೇಜ್ ಹುಡುಕಿ, ಅದರ ಎದುರು ನಿಲ್ಲಿ. 1943ರ ಅಕ್ಟೋಬರ್ 24ರಂದು ಅಜೋರ್ಸ್ ದ್ವೀಪಗಳ ಪೂರ್ವಕ್ಕೆ ಮೇಲಿನಿಂದ ಡೆಪ್ತ್ ಚಾರ್ಜ್‌ಗಳು, ಅಂದರೆ ನೀರಿನಾಳದಲ್ಲಿ ಸಿಡಿಯುವ ಬಾಂಬ್‌ಗಳು, ಬೀಳುತ್ತಿದ್ದವು. ಬೋಟಿಗೆ ಎರಡನೆಯವನಾಗಿ ಬಂದ ಕ್ಯಾಪ್ಟನ್ ಪೀಟರ್ ಚೆಕ್ ತನ್ನ ಜನರ ಕಣ್ಣೆದುರೇ ಪಿಸ್ತೂಲಿನಿಂದ ಗುಂಡು ಹಾರಿಸಿಕೊಂಡ. ವಿಮಾನ ದಾಳಿಯಾದಾಗ ಇದ್ದವನೂ ಇವನೇ. ಆ ವಿಮಾನ ದಾಳಿಯ ನಂತರ ತಿಂಗಳುಗಟ್ಟಲೆ ರಿಪೇರಿ ನಡೆದಿತ್ತು. ಹೊರಟಾಗಲೆಲ್ಲ ಏನಾದರೊಂದು ಕೆಟ್ಟು ವಾಪಸ್. ಫ್ರೆಂಚ್ ಕೆಲಸಗಾರರು ಬೇಕೆಂದೇ ಕೆಡಿಸುತ್ತಿದ್ದಾರೆ ಎಂಬ ಅನುಮಾನ ಬೇರೆ. ಮನುಷ್ಯ ಮುರಿದುಹೋಗಿದ್ದ. ಪಾಲ್ ಮೇಯರ್ ಎಂಬ ಕಿರಿಯ ಅಧಿಕಾರಿ ಆ ಕ್ಷಣವೇ ಜವಾಬ್ದಾರಿ ಹೊತ್ತು ಬೋಟನ್ನು ಬಂದರಿಗೆ ಮುಟ್ಟಿಸಿದ. ಆ ಹೆಸರನ್ನೂ ನೆನಪಿಡಿ.

ಅಮೆರಿಕದವರು ಈ ಬೋಟನ್ನು ಹಿಡಿದ ಕಥೆ ನೆನೆಯಬೇಕಾದದ್ದೂ ಇಲ್ಲೇ. 1944ರ ಜೂನ್ 4. ಆಫ್ರಿಕಾದ ಪಶ್ಚಿಮ ತೀರದಾಚೆ ಅಮೆರಿಕದ ಚಿಕ್ಕ ವಿಮಾನವಾಹಕ ಗ್ವಾಡಲ್‌ಕೆನಾಲ್, ಜೊತೆಗೆ ಐದು ಬೆಂಗಾವಲು ಹಡಗುಗಳು. ಮುಖ್ಯಸ್ಥ ಕ್ಯಾಪ್ಟನ್ ಡ್ಯಾನಿಯಲ್ ಗ್ಯಾಲರಿ, ಶಿಕಾಗೊದವನೇ. ಸಬ್‌ಮರೀನ್ ಸಿಕ್ಕರೆ ಮುಳುಗಿಸದೆ ಹಿಡಿಯಬೇಕೆಂದು ಅವನು ಮೊದಲೇ ತಂಡಗಳನ್ನು ತಯಾರು ಮಾಡಿದ್ದ. ಶಾಟೆಲೆನ್ ಎಂಬ ಹಡಗಿನ ಸೋನಾರ್‌ಗೆ, ಅಂದರೆ ಸದ್ದಿನಿಂದ ನೀರಿನಡಿ ಹುಡುಕುವ ಯಂತ್ರಕ್ಕೆ, ಯು-505 ಸಿಕ್ಕಿತು. ಡೆಪ್ತ್ ಚಾರ್ಜ್ ಬಿದ್ದ ಕೆಲವೇ ನಿಮಿಷದಲ್ಲಿ ಬೋಟ್ ಮೇಲೆ ಬಂತು. ಚುಕ್ಕಾಣಿ ಬಲಕ್ಕೆ ಸಿಕ್ಕಿಕೊಂಡು ಗರಗರ ಸುತ್ತುತ್ತಿತ್ತು. ಮೂರನೇ ಕ್ಯಾಪ್ಟನ್ ಹೆರಾಲ್ಡ್ ಲಾಂಗೆ ಗಾಯಗೊಂಡಿದ್ದ. ಎಲ್ಲರೂ ನೀರಿಗೆ ಹಾರಿದರು. 58 ಜನ ಬದುಕಿದರು, ಒಬ್ಬ ಸತ್ತ.

ಮುಳುಗುತ್ತಿದ್ದ ಬೋಟಿನೊಳಗೆ ಲೆಫ್ಟಿನೆಂಟ್ ಆಲ್ಬರ್ಟ್ ಡೇವಿಡ್ ತನ್ನ ತಂಡದೊಂದಿಗೆ ಇಳಿದ. ಒಳಗೆ ಯಾರಾದರೂ ಉಳಿದಿದ್ದಾರೋ, ಬಾಂಬ್ ಇಟ್ಟಿದ್ದಾರೋ, ಏನೂ ಗೊತ್ತಿಲ್ಲ. ಬೋಟನ್ನು ಮುಳುಗಿಸಲೆಂದು ಜರ್ಮನರು ಸಮುದ್ರದ ನೀರು ಸೋಸುವ ಫಿಲ್ಟರ್‌ನ ಮುಚ್ಚಳ ತೆಗೆದಿದ್ದರು. ನೀರು ಭುಸುಭುಸು ನುಗ್ಗುತ್ತಿತ್ತು. ಜೆನಾನ್ ಲುಕೊಸಿಯಸ್ ಎಂಬ ಮೆಕ್ಯಾನಿಕ್‌ಗೆ ಆ ಮುಚ್ಚಳ ಅಲ್ಲೇ ಬಿದ್ದದ್ದು ಸಿಕ್ಕಿತು. ಎತ್ತಿ, ನುಗ್ಗುವ ನೀರಿನ ಮೇಲೆ ಒತ್ತಿ, ಬಿಗಿದ. ಇಡೀ ಬೋಟ್ ಇಂದು ನಮ್ಮ ಕಣ್ಣೆದುರು ಇರುವುದು ಆ ಒಂದು ಮುಚ್ಚಳದಿಂದ. 1815ರ ನಂತರ ಅಮೆರಿಕದ ನೌಕಾಪಡೆ ಸಮುದ್ರದ ನಡುವೆ ಶತ್ರುವಿನ ಯುದ್ಧನೌಕೆ ಹಿಡಿದದ್ದು ಇದೇ ಮೊದಲು. ಡೇವಿಡ್‌ಗೆ ದೇಶದ ಅತ್ಯುನ್ನತ ಶೌರ್ಯಪದಕ ಬಂತು. ಪಡೆಯುವ ಮೊದಲೇ, 1945ರಲ್ಲಿ ತೀರಿಕೊಂಡ. ಪದಕ ಹೆಂಡತಿಯ ಕೈ ಸೇರಿತು.

ಮುಂದೆ ಎಂಜಿನ್ ಕೋಣೆ. ದಯವಿಟ್ಟು ಇಲ್ಲಿ ಅವಸರ ಮಾಡಬೇಡಿ. ಎಂ.ಎ.ಎನ್. ಕಂಪನಿಯ ಎರಡು ಡೀಸೆಲ್ ಎಂಜಿನ್‌ಗಳು, ಒಂದೊಂದಕ್ಕೂ ಒಂಬತ್ತು ಸಿಲಿಂಡರ್, 2,200 ಅಶ್ವಶಕ್ತಿ. ನಮ್ಮ ಶೆಡ್‌ನ ಹಳೇ ಡಬ್ಲ್ಯುಡಿಎಂ-2 ಲೋಕೊಗೆ 2,600 ಇತ್ತು. ಅಂಥ ಎರಡು ಲೋಕೊಗಳ ಎಂಜಿನ್‌ಗಳನ್ನು ಅಕ್ಕಪಕ್ಕ ಇಟ್ಟು ಮಧ್ಯೆ ಒಬ್ಬ ನಡೆಯುವಷ್ಟು ಜಾಗ ಬಿಟ್ಟಂತೆ. ಆ ಸದ್ದು, ಆ ಸೆಕೆ ಊಹಿಸಿಕೊಳ್ಳಿ.

ಅದರ ಹಿಂದಿನದು ಮೋಟಾರ್ ಕೋಣೆ. ನನ್ನ ಪಾಲಿಗೆ ಬೋಟಿನ ಜೀವ ಇಲ್ಲೇ. ಲೋಕೊದಲ್ಲಿ ಡೀಸೆಲ್ ಜನರೇಟರ್ ತಿರುಗಿಸುತ್ತದೆ, ಆ ಕರೆಂಟ್‌ನಿಂದ ಚಕ್ರದ ಮೋಟಾರ್ ತಿರುಗುತ್ತದೆ. ಇಲ್ಲಿ ಹಾಗಲ್ಲ. ಡೀಸೆಲ್, ಕ್ಲಚ್, ಮೋಟಾರ್, ಮತ್ತೊಂದು ಕ್ಲಚ್, ಪ್ರೊಪೆಲ್ಲರ್, ಎಲ್ಲ ಒಂದೇ ಸಾಲಿನಲ್ಲಿ. ನೀರಿನ ಮೇಲಿದ್ದಾಗ ಡೀಸೆಲ್ಲೇ ಪ್ರೊಪೆಲ್ಲರ್ ತಿರುಗಿಸುತ್ತದೆ. ಮಧ್ಯದ ಮೋಟಾರ್ ಆಗ ಜನರೇಟರ್ ಆಗಿ ನೆಲದಡಿಯ ಬ್ಯಾಟರಿಗಳನ್ನು ಚಾರ್ಜ್ ಮಾಡುತ್ತದೆ. ಮುಳುಗುವಾಗ ಡೀಸೆಲ್ ಕಡೆಯ ಕ್ಲಚ್ ಬಿಡಿಸಿದರೆ ಅದೇ ಮೋಟಾರ್ ಬ್ಯಾಟರಿಯಿಂದ ಓಡುತ್ತದೆ.

ಇದು ತಲೆಗೆ ಹೋದರೆ ಅರ್ಲ್ ಟ್ರೊಸಿನೊ ಮಾಡಿದ್ದು ಎಂಥ ಕೆಲಸ ಎಂದು ತಿಳಿಯುತ್ತದೆ. ಅವನು ಗ್ವಾಡಲ್‌ಕೆನಾಲ್‌ನ ಚೀಫ್ ಎಂಜಿನಿಯರ್. ವ್ಯಾಪಾರಿ ಹಡಗುಗಳಲ್ಲಿ ದುಡಿದವನು, ಸಬ್‌ಮರೀನ್ ಕೆಲಸ ಗೊತ್ತಿಲ್ಲ. ಬೋಟನ್ನು ಹಗ್ಗ ಕಟ್ಟಿ ಎಳೆಯುತ್ತಿದ್ದರು, ಹಿಂಭಾಗ ನೀರಿನಲ್ಲಿ ಕುಸಿದಿತ್ತು, ಪಂಪ್ ಓಡಿಸಲು ಕರೆಂಟ್ ಇಲ್ಲ. ಟ್ರೊಸಿನೊ ಕೊಳಕು ಎಣ್ಣೆ ನೀರಿನಲ್ಲಿ ತೆವಳಿ ಪೈಪುಗಳ ಜಾಡು ಹಿಡಿದ. ಡೀಸೆಲ್ ಕಡೆಯ ಕ್ಲಚ್ ಬಿಡಿಸಿದ, ‘ಜೋರಾಗಿ ಎಳೆಯಿರಿ’ ಎಂದು ಹೇಳಿ ಕಳಿಸಿದ. ಎಳೆತದ ವೇಗಕ್ಕೆ ಪ್ರೊಪೆಲ್ಲರ್ ತಾನಾಗಿ ತಿರುಗಿತು, ಮೋಟಾರ್ ತಿರುಗಿತು, ಬ್ಯಾಟರಿ ಚಾರ್ಜ್ ಆಯಿತು. ಆಮೇಲೆ ಬೋಟಿನ ಸ್ವಂತ ಪಂಪುಗಳಿಂದಲೇ ನೀರು ಹೊರಹಾಕಿ ಎತ್ತಿ ನಿಲ್ಲಿಸಿದರು. ಜೂನ್ 19ಕ್ಕೆ ಬರ್ಮುಡಾ ತಲುಪಿತು. ಗ್ಯಾಲರಿಯ ಹೆಸರು ಎಲ್ಲರೂ ಹೇಳುತ್ತಾರೆ. ನಾನು ಟ್ರೊಸಿನೊ ಹೆಸರು ಹೇಳದೆ ಯಾರನ್ನೂ ಈ ಕೋಣೆ ದಾಟಲು ಬಿಡುವುದಿಲ್ಲ.

ನಮ್ಮವರಿಗೆ ಇಲ್ಲಿ ಇನ್ನೊಂದು ಮಾತು. ನೇತಾಜಿ ಸುಭಾಷ್‌ಚಂದ್ರ ಬೋಸರು 1943ರ ಫೆಬ್ರವರಿಯಲ್ಲಿ ಕೀಲ್ ಬಂದರಿನಿಂದ ಹೊರಟದ್ದು ಯು-180ರಲ್ಲಿ. ಅದೂ ಇದೇ ನೈನ್ ಕುಟುಂಬದ್ದು, ಸ್ವಲ್ಪ ದೊಡ್ಡದು. ಏಪ್ರಿಲ್ ಕೊನೆಗೆ ಮಡಗಾಸ್ಕರ್ ಹತ್ತಿರ ಜಪಾನಿ ಸಬ್‌ಮರೀನ್‌ಗೆ ದಾಟಿದರು. ಎರಡು ತಿಂಗಳಿಗೂ ಹೆಚ್ಚು ಇಂಥದೇ ಕೊಳವೆಯೊಳಗೆ ಇದ್ದರು.

ಹೊರಗೆ ಬಂದ ಮೇಲೆ ಗಾಜಿನ ಪೆಟ್ಟಿಗೆಗಳಲ್ಲಿರುವ ಎನಿಗ್ಮಾ ನೋಡಿ, ಜರ್ಮನರು ಸಂದೇಶಗಳನ್ನು ಗುಪ್ತ ಭಾಷೆಗೆ ಬದಲಿಸುತ್ತಿದ್ದ ಯಂತ್ರ ಅದು. ಕೋಡ್ ಪುಸ್ತಕಗಳೂ ಸಿಕ್ಕಿದ್ದವು. ಸುದ್ದಿ ಹೊರಬಿದ್ದರೆ ಜರ್ಮನರು ಕೋಡ್ ಬದಲಿಸುತ್ತಿದ್ದರು. ಅದಕ್ಕೇ ಬೋಟ್ ಹಿಡಿದ ಅಮೆರಿಕದ ಹಡಗುಗಳ ಸಾವಿರಾರು ನಾವಿಕರು ಬಾಯಿ ಬಿಡಲಿಲ್ಲ. ಸೆರೆ ಸಿಕ್ಕ ಜರ್ಮನರನ್ನು ಲೂಸಿಯಾನಾದ ಕ್ಯಾಂಪ್ ರಸ್ಟನ್‌ನಲ್ಲಿ ಬೇರೆ ಇಟ್ಟರು. ರೆಡ್‌ಕ್ರಾಸ್‌ಗೂ ತಿಳಿಸಲಿಲ್ಲ. ಊರಲ್ಲಿ ಅವರ ಮನೆಯವರು ಇವರು ಸತ್ತರೆಂದೇ ನಂಬಿದ್ದರು. ಇನ್ನೊಂದು ಕಡೆ, ಈ ಬೋಟ್ ಮುಳುಗಿಸಿದ್ದು ಎಂಟು ಹಡಗು. ಬೆನ್‌ಮೋರ್, ಸಿಡ್‌ಹಾವ್, ಕೊಲಂಬಿಯಾದ ಒಂದು ಹಾಯಿದೋಣಿ ರೊಆಮಾರ್ ಕೂಡ. ಆ ಕಾಲದ ಬ್ರಿಟಿಷ್ ಸರಕು ಹಡಗುಗಳಲ್ಲಿ ನಮ್ಮ ದೇಶದ ಸಾವಿರಾರು ಲಸ್ಕರ್‌ಗಳು, ಅಂದರೆ ಹಡಗಿನ ಕೆಲಸಗಾರರು, ದುಡಿಯುತ್ತಿದ್ದರು. ಟಾರ್ಪೆಡೊ ಮುಟ್ಟಿ ನೋಡುವ ಮಕ್ಕಳಿಗೆ ಇದನ್ನೂ ಹೇಳಿ.

ಕೊನೆಗೆ, ಒಳಗಿನದೆಲ್ಲ ಹಳೆಯದೇ ಎಂದುಕೊಳ್ಳಬೇಡಿ. ಯುದ್ಧದ ನಂತರ ಬೋಟ್ ಅಮೆರಿಕದ ಪೋರ್ಟ್ಸ್‌ಮತ್ ನೌಕಾಂಗಣದಲ್ಲಿ ತುಕ್ಕು ಹಿಡಿದು ಬಿದ್ದಿತ್ತು, ಒಳಗಿನ ಸಾಮಾನು ಬಿಚ್ಚಿಹೋಗಿತ್ತು. 1954ರಲ್ಲಿ ಶಿಕಾಗೊಗೆ ಎಳೆದು ತಂದು, ಲೇಕ್ ಶೋರ್ ಡ್ರೈವ್ ರಸ್ತೆ ದಾಟಿಸಿ ಮ್ಯೂಸಿಯಂ ಪಕ್ಕ ಇಟ್ಟರು. ಆಗ ಮ್ಯೂಸಿಯಂ ಅಧ್ಯಕ್ಷರಾಗಿದ್ದ ಲೆನಾಕ್ಸ್ ಲೋರ್ ಆ ಭಾಗಗಳನ್ನು ಮೊದಲು ಮಾಡಿದ್ದ ಜರ್ಮನ್ ಕಂಪನಿಗಳಿಗೇ ಕಾಗದ ಬರೆದರು. ಅವರು ಬಿಡಿಭಾಗಗಳನ್ನು ಪುಕ್ಕಟೆ ಕಳಿಸಿಕೊಟ್ಟರು. ಐವತ್ತು ವರ್ಷ ಬಿಸಿಲು ಹಿಮದಲ್ಲಿ ನಿಂತ ಮೇಲೆ, 2004ರಲ್ಲಿ ನೆಲದಡಿಯ ಹಾಲ್‌ಗೆ ಇಳಿಸಿದರು. ಹೋದಾಗ ಯಾವ ಗೇಜ್ ಬೋಟಿನ ಜೊತೆಗೇ ಬಂದದ್ದು, ಯಾವುದು ಆಮೇಲೆ ಬಂದದ್ದು ಎಂದು ಗೈಡ್‌ಗಳನ್ನು ಕೇಳಿ.